ಅತ್ತಾರರ ಅಂಗಡಿಯಿಂದ ದವಾಖಾನೆಯವರೆಗೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಾಯಿಲೆ ಬಿದ್ದವರನ್ನು 'ಆಸ್ಪತ್ರೆ'ಗೆ ಒಯ್ಯುತ್ತೇವೆ ಎನ್ನುವವರು ವಿರಳ. ಹಿಂದೂಗಳಿರಲಿ, ಮುಸ್ಲಿಮರಿರಲಿ, ಎಲ್ಲರೂ ಹೋಗುವುದು 'ದವಾಖಾನೆ'ಗೆ. ಘಟಪ್ರಭಾ ನದಿಗೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಣೆ ಕಟ್ಟಿದ ಧುಪದಾಳದಲ್ಲಿ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟ ತಾಯಿಯನ್ನು ಎಲ್ಲಿಗೆಂದು ಕೇಳಿದರೆ ಈಗಲೂ ಆ ಪದವೇ ಉತ್ತರವಾಗಿ ಬರುತ್ತದೆ. ಪಕ್ಕದ ಘಟಪ್ರಭಾ ಊರಿನಲ್ಲಿ ಡಾ. ನಾ. ಸು. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕರ್ನಾಟಕ ಆರೋಗ್ಯಧಾಮವಿದೆ, ಸಹಕಾರಿ ಆಸ್ಪತ್ರೆಯಿದೆ, ಆಯುರ್ವೇದ ಕಾಲೇಜೂ ಇದೆ. ಫಲಕಗಳ ಮೇಲೆ ಯಾವ ಹೆಸರು ಬರೆದಿದ್ದರೂ ಜನರ ಬಾಯಲ್ಲಿ ಅವೆಲ್ಲವೂ ದವಾಖಾನೆಗಳೇ. 'ದವಾ' ಎಂಬುದು ಅರಬಿ ಪದ, 'ಖಾನಾ' ಎಂಬುದು ಫಾರಸಿ ಪದ. ಇವೆರಡೂ ಕೂಡಿ ಕನ್ನಡದ ನಾಲಗೆಯಲ್ಲಿ ನೆಲೆನಿಂತ ಬಗೆಯ ಹಿಂದೆ ಒಂದು ದೀರ್ಘ ಇತಿಹಾಸವಿದೆ.

ಇದೇ ಸೀಮೆಯಲ್ಲಿ 'ಅತ್ತಾರ' ಎಂಬ ಅಡ್ಡಹೆಸರಿನ ಕುಟುಂಬಗಳಿವೆ, 'ಹಕೀಮ' ಎಂಬ ಅಡ್ಡಹೆಸರಿನವರೂ ಇದ್ದಾರೆ. ಅತ್ತಾರ ಎಂದೊಡನೆ ಇಂದು ನಮಗೆ ನೆನಪಾಗುವುದು ಸುಗಂಧದ ಪುಟ್ಟ ಶೀಶೆಗಳು, ಹಬ್ಬದ ದಿನ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡ ಹತ್ತಿಯ ಎಳೆ. ಆದರೆ ಮಧ್ಯಯುಗದ ಕೈರೋ, ದಮಾಸ್ಕಸ್, ಬಗ್ದಾದ್ ನಗರಗಳಲ್ಲಿ ಅತ್ತಾರನೆಂದರೆ ಔಷಧ ವ್ಯಾಪಾರಿಯೂ ಹೌದು. ಕಸ್ತೂರಿ, ಕರ್ಪೂರ, ಕೇಸರಿ, ಶ್ರೀಗಂಧಗಳು ಆ ಕಾಲದಲ್ಲಿ ಸುಗಂಧವೂ ಆಗಿದ್ದವು, ಔಷಧವೂ ಆಗಿದ್ದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತಿತ್ತು. 1260ರಲ್ಲಿ ಕೈರೋದ ಒಬ್ಬ ಯಹೂದಿ ಅತ್ತಾರನು ತನ್ನ ಮಗನಿಗಾಗಿ 'ಮಿನ್ಹಾಜುದ್ದುಕ್ಕಾನ್' ಎಂಬ ಅರಬಿ ಗ್ರಂಥವನ್ನು ಬರೆದನು. ಹೆಸರಿನ ಅರ್ಥ ಅಂಗಡಿಯ ಕ್ರಮ ಎಂದು. ಔಷಧವನ್ನು ಕೊಳ್ಳುವುದು, ಕಾಪಿಡುವುದು, ಅರೆಯುವುದು, ಬೆರೆಸುವುದು, ಯಾವುದು ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದು, ಇವೆಲ್ಲದರ ಜೊತೆಗೆ ಅಂಗಡಿಯವನಿಗೆ ಇರಬೇಕಾದ ದೇವಭಯವೂ ಅದರಲ್ಲಿ ಪಾಠವಾಗಿದೆ. ಅದನ್ನು ಬರೆದವನು ಮುಸ್ಲಿಮನಲ್ಲ, ಆದರೂ ಶತಮಾನಗಳ ಕಾಲ ಮುಸ್ಲಿಮ್ ಅತ್ತಾರರು ಅದನ್ನು ತಮ್ಮದೆಂದೇ ಬಳಸಿದರು. ವಿದ್ಯೆಗೆ ಆ ಕಾಲದಲ್ಲಿ ಗೋಡೆಗಳು ಕಡಿಮೆ ಇದ್ದವು.

ಇಂದು ವೈದ್ಯ ವಿದ್ಯಾರ್ಥಿಗಳು ಎರಡನೆಯ ಹಂತದಲ್ಲಿ ಓದುವ 'ಫಾರ್ಮಕಾಲಜಿ'ಯನ್ನು ಅನೇಕರು ಆಧುನಿಕ ಯುರೋಪಿನ ಪ್ರಯೋಗಾಲಯದಲ್ಲಿ ಹುಟ್ಟಿದ ಶಾಸ್ತ್ರವೆಂದು ಭಾವಿಸುತ್ತಾರೆ. ಪ್ರಯೋಗಾಲಯದ ಮಟ್ಟಿಗೆ ಅದು ನಿಜ. ಆದರೆ ಆ ಶಾಸ್ತ್ರವು ರೋಗಿಯ ಮಂಚದ ಪಕ್ಕದಲ್ಲಿ ಕೇಳುವ ಪ್ರಶ್ನೆಗಳು ಹಳೆಯವು. ಈ ಹೆಸರಿನ ವಸ್ತು ನಿಜಕ್ಕೂ ಯಾವುದು? ಅದರ ಗುಣವನ್ನು ಯಾರು, ಹೇಗೆ ಪರೀಕ್ಷಿಸಿದರು? ನನ್ನ ಮುಂದೆ ಮಲಗಿರುವ ಈ ವ್ಯಕ್ತಿಗೆ, ಈ ಊರಿನಲ್ಲಿ, ಈ ಋತುವಿನಲ್ಲಿ ಎಷ್ಟು ಕೊಡಬೇಕು? ನಮ್ಮ ಪೂರ್ವಿಕರ ಕೊಡುಗೆಯ ಬಗ್ಗೆ ಹೆಮ್ಮೆಪಡುವ ಲೇಖನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆ ಹೆಮ್ಮೆಯು ಬಹುಪಾಲು ಗ್ರಂಥಗಳ ಹೆಸರುಗಳ ಪಟ್ಟಿಯಲ್ಲಿಯೇ ಮುಗಿದುಹೋಗುತ್ತದೆ. ಅವರು ಈ ಪ್ರಶ್ನೆಗಳನ್ನು ಹೇಗೆ ಎದುರಿಸಿದರು ಎಂಬುದೇ ನಮಗೆ ಹೆಚ್ಚು ಮುಖ್ಯವೆಂದು ತೋರುತ್ತದೆ.

ಪ್ರತಿ ರೋಗಕ್ಕೂ ಔಷಧವಿದೆ, ಔಷಧವು ರೋಗಕ್ಕೆ ಸರಿಯಾಗಿ ತಾಗಿದಾಗ ಅಲ್ಲಾಹನ ಅನುಮತಿಯಿಂದ ಗುಣವಾಗುತ್ತದೆ ಎಂಬ ಆಶಯದ ಪ್ರವಾದಿ(ಸ)ರ ವಚನವು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ವಚನದ ಮೊದಲ ಭಾಗವನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ, ಎರಡನೆಯ ಭಾಗವನ್ನು ಅಷ್ಟಾಗಿ ಕೇಳುವುದಿಲ್ಲ. ವೈದ್ಯರ ಪಾಲಿಗೆ ಭಾರವಾದುದು ಆ ಎರಡನೆಯ ಭಾಗವೇ. 'ಸರಿಯಾಗಿ ತಾಗುವುದು' ಎಂದರೆ ಔಷಧ ಇದ್ದರಷ್ಟೇ ಸಾಲದು, ಅದು ತಕ್ಕದ್ದಾಗಿರಬೇಕು, ತಕ್ಕಷ್ಟಿರಬೇಕು. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗೆ ಕೈ ಹಾಕಿದವನು ಆಗುವ ಹಾನಿಗೆ ಹೊಣೆಗಾರನೆಂಬ ಆಶಯದ ಇನ್ನೊಂದು ಹದೀಸ್ ಅಬೂ ದಾವೂದ್‌ನಲ್ಲಿದೆ. ಇದನ್ನು ವಿವರಿಸುತ್ತಾ 14ನೆಯ ಶತಮಾನದ ದಮಾಸ್ಕಸ್‌ನ ಇಬ್ನುಲ್ ಖಯ್ಯಿಮ್(ರ) ಅವರು ಕುಶಲ ವೈದ್ಯನು ಗಮನಿಸಬೇಕಾದ ಇಪ್ಪತ್ತು ಸಂಗತಿಗಳನ್ನು ಎಣಿಸಿದ್ದಾರೆ. ರೋಗದ ಬಗೆ, ಅದರ ಕಾರಣ, ರೋಗಿಯ ಶಕ್ತಿ, ಪ್ರಕೃತಿ, ವಯಸ್ಸು, ರೂಢಿ, ಋತು, ವಾಸಿಸುವ ನಾಡು, ಔಷಧದ ಬಲ ಇವೆಲ್ಲವೂ ಅದರಲ್ಲಿ ಬರುತ್ತವೆ. ಆಹಾರದಿಂದ ಆಗುವುದಾದರೆ ಔಷಧ ಬೇಡ, ಒಂದೇ ಮದ್ದಿನಿಂದ ಆಗುವುದಾದರೆ ಹಲವನ್ನು ಬೆರೆಸಬೇಡ ಎಂಬ ಎಚ್ಚರಿಕೆಯೂ ಇದೆ. ಒಂದೇ ಚೀಟಿಯಲ್ಲಿ ಎಂಟು ಹತ್ತು ಗುಳಿಗೆಗಳನ್ನು ಕಾಣುವ ನಮ್ಮ ಕಾಲದಲ್ಲಿ ಈ ಮಾತು ಇನ್ನಷ್ಟು ಮೊನಚಾಗಿ ಕೇಳಿಸುತ್ತದೆ.

ಪರೀಕ್ಷೆಯ ಪ್ರಶ್ನೆಗೆ ಬರೋಣ. ಅಬೂಬಕ್ರ್ ಅಲ್ ರಾಝೀಯು ಪಾದರಸವನ್ನು ಒಂದು ಕೋತಿಗೆ ಕುಡಿಸಿ ಏನಾಗುತ್ತದೆಂದು ನೋಡಿದನು. ಮೆದುಳಿನ ಉರಿಯೂತದ ಲಕ್ಷಣ ಕಂಡ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆಸಿ, ಇನ್ನು ಕೆಲವರಿಗೆ ಉದ್ದೇಶಪೂರ್ವಕವಾಗಿ ತೆಗೆಸದೆ ಬಿಟ್ಟು, ಎರಡು ಗುಂಪುಗಳನ್ನೂ ಹೋಲಿಸಿದ್ದಾಗಿ ಅವನೇ ಬರೆದಿಟ್ಟಿದ್ದಾನೆ. ಅವನ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಇಂದಿನ ಲೆಕ್ಕದಲ್ಲಿ ರಕ್ತ ತೆಗೆಸುವುದು ಆ ರೋಗಕ್ಕೆ ಚಿಕಿತ್ಸೆಯೇ ಅಲ್ಲ. ಆದರೆ ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸದೆ ಚಿಕಿತ್ಸೆಯ ಫಲ ತಿಳಿಯದು ಎಂಬ ತಿಳಿವು 10ನೆಯ ಶತಮಾನದ ಆದಿಯಲ್ಲೇ ಅವನಿಗಿತ್ತು.

ಸುಮಾರು 1025ರಲ್ಲಿ ಪೂರ್ಣಗೊಂಡ 'ಅಲ್ ಖಾನೂನ್'ನ ಎರಡನೆಯ ಸಂಪುಟವನ್ನು ಇಬ್ನ್ ಸೀನಾ ಒಂಟಿ ಔಷಧಗಳಿಗೆ ಮೀಸಲಿಟ್ಟನು. ಪಟ್ಟಿಯನ್ನು ಕೊಡುವ ಮುನ್ನ ಔಷಧವನ್ನು ಪರೀಕ್ಷಿಸುವ ನಿಯಮಗಳನ್ನು ಹೇಳುತ್ತಾನೆ. ಔಷಧವು ಹೊರಗಿನಿಂದ ಬಂದ ಬಿಸಿ ತಂಪುಗಳಿಂದ ಮುಕ್ತವಾಗಿರಬೇಕು. ಪರೀಕ್ಷೆಗೆ ಆಯ್ದ ರೋಗವು ಹಲವು ರೋಗಗಳ ಬೆರಕೆಯಾಗಿರಬಾರದು. ಪರಸ್ಪರ ವಿರುದ್ಧವಾದ ಎರಡು ರೋಗಗಳ ಮೇಲೆ ಅದನ್ನು ಪ್ರಯೋಗಿಸಬೇಕು, ಏಕೆಂದರೆ ಗುಣವು ನೇರವಾಗಿ ಆಯಿತೋ ಆಕಸ್ಮಿಕವಾಗಿ ಆಯಿತೋ ಎಂಬುದು ಆಗಲೇ ಗೊತ್ತಾಗುತ್ತದೆ. ಔಷಧದ ಬಲವು ರೋಗದ ಬಲಕ್ಕೆ ತಕ್ಕಂತಿರಬೇಕು, ಆದ್ದರಿಂದ ಅಲ್ಪದಿಂದ ಆರಂಭಿಸಿ ಏರಿಸಬೇಕು. ಪರಿಣಾಮವು ಯಾವಾಗ ಕಾಣಿಸಿಕೊಂಡಿತೆಂದು ಗಮನಿಸಬೇಕು. ಅದು ಎಲ್ಲರಲ್ಲೂ ಅಥವಾ ಬಹುತೇಕರಲ್ಲಿ ಮರುಕಳಿಸಬೇಕು, ಒಮ್ಮೆ ಆದದ್ದು ಪ್ರಮಾಣವಾಗದು. ಕೊನೆಯದಾಗಿ, ಪರೀಕ್ಷೆಯು ಮನುಷ್ಯ ದೇಹದ ಮೇಲೆಯೇ ನಡೆಯಬೇಕು. ಸಿಂಹಕ್ಕೋ ಕುದುರೆಗೋ ಬಿಸಿಯೆನಿಸಿದ್ದು ಮನುಷ್ಯನಿಗೆ ಹಾಗೆಯೇ ಆಗಬೇಕೆಂದಿಲ್ಲ. ಇಂದು ಹೊಸ ಔಷಧವೊಂದು ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿದ ಮೇಲೂ ಮನುಷ್ಯರ ಮೇಲಿನ ಹಂತಗಳಲ್ಲಿ ಸೋತು ಹಿಂದೆ ಸರಿದ ಸುದ್ದಿಯನ್ನು ಓದುವಾಗಲೆಲ್ಲ ಆ ಸಿಂಹ ಮತ್ತು ಕುದುರೆ ನಮಗೆ ನೆನಪಾಗುತ್ತವೆ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಇಬ್ನ್ ಸೀನಾ ಈ ನಿಯಮಗಳಿಂದ ಅಳೆಯಲು ಹೊರಟದ್ದು ಬಿಸಿ, ತಂಪು, ಒಣ, ತೇವ ಎಂಬ ಗುಣಗಳನ್ನು. ಅವು ಇಂದಿನ ರಸಾಯನಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಅವನನ್ನು ಆಧುನಿಕ ಔಷಧ ವಿಜ್ಞಾನಿಯೆಂದು ಕರೆದರೆ ಅದು ಅವನಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಅವನ ತತ್ತ್ವ ಹಳೆಯದಾಯಿತು, ಅವನು ಕೇಳಿದ ಪ್ರಶ್ನೆಗಳು ಹಳೆಯದಾಗಲಿಲ್ಲ.

ಇನ್ನು ಹೆಸರಿನ ಪ್ರಶ್ನೆ. 10ನೆಯ ಶತಮಾನದ ಮಧ್ಯಭಾಗದಲ್ಲಿ ಬೈಝಾಂಟಿಯಮ್ ಚಕ್ರವರ್ತಿಯು ಕೊರ್ಡೋಬಾದ ಖಲೀಫರಿಗೆ ಡಯಾಸ್ಕೊರಿಡೀಸನ ಔಷಧ ಗ್ರಂಥದ ಸಚಿತ್ರ ಗ್ರೀಕ್ ಪ್ರತಿಯೊಂದನ್ನು ಕಾಣಿಕೆಯಾಗಿ ಕಳುಹಿಸಿದನು. ಬಗ್ದಾದಿನಲ್ಲಿ ಅದರ ಅರಬಿ ಅನುವಾದ ಆಗಲೇ ಆಗಿತ್ತು. ಆದರೆ ಅನುವಾದಕರಿಗೆ ತಿಳಿಯದ ಗಿಡಗಳ ಗ್ರೀಕ್ ಹೆಸರುಗಳು ಹಾಗೆಯೇ ಉಳಿದಿದ್ದವು. 951ರಲ್ಲಿ ನಿಕೋಲಸ್ ಎಂಬ ಕ್ರೈಸ್ತ ಸನ್ಯಾಸಿಯು ಕೊರ್ಡೋಬಾಕ್ಕೆ ಬಂದ ಮೇಲೆ ಮುಸ್ಲಿಮ್, ಯಹೂದಿ ವೈದ್ಯರು ಅವನೊಂದಿಗೆ ಕುಳಿತು, ಆ ಹೆಸರಿನ ಗಿಡ ತಮ್ಮ ಅಂದಲೂಸಿನ ಮಣ್ಣಿನಲ್ಲಿ ಯಾವುದೆಂದು ಒಂದೊಂದಾಗಿ ಗುರುತಿಸಿದರು. ಇದನ್ನು ದಾಖಲಿಸಿದವನು ಆ ನಗರದ ವೈದ್ಯ ಇಬ್ನ್ ಜುಲ್ಜುಲ್. ಗಝ್ನಿಯಲ್ಲಿ ಮುಪ್ಪಿನ ಕಾಲದಲ್ಲಿದ್ದ ಅಲ್ ಬೀರೂನೀ ಬರೆದ ಕೊನೆಯ ಗ್ರಂಥಗಳಲ್ಲೊಂದಾದ 'ಕಿತಾಬುಸ್ಸೈದನಾ' ಕೂಡ ಇದೇ ಕೆಲಸ ಮಾಡುತ್ತದೆ. ಒಂದೊಂದು ಔಷಧಕ್ಕೂ ಅರಬಿ, ಗ್ರೀಕ್, ಸಿರಿಯಾಕ್, ಫಾರಸಿ, ಭಾರತೀಯ ಹೆಸರುಗಳನ್ನು ಒಟ್ಟಿಗೆ ಜೋಡಿಸಿ, ಒಂದನ್ನು ಇನ್ನೊಂದೆಂದು ಭ್ರಮಿಸದಂತೆ ಎಚ್ಚರಿಸುತ್ತದೆ.

ಹೆಸರು ತಪ್ಪಿದರೆ ಏನಾಗುತ್ತದೆಂಬುದನ್ನು ಮಾರುಕಟ್ಟೆಯ ಮೇಲ್ವಿಚಾರಕರಾದ ಮುಹ್ತಸಿಬರು ಚೆನ್ನಾಗಿ ಬಲ್ಲವರಾಗಿದ್ದರು. 12ನೆಯ ಶತಮಾನದ ಸಿರಿಯಾದಲ್ಲಿ ಅಲ್ ಶೈಝರೀ ಬರೆದ ಹಿಸ್ಬಾ ಕೈಪಿಡಿಯಲ್ಲಿ ಔಷಧ ಮಾರುವವರ ಮೋಸಗಳಿಗೆ ಒಂದು ಅಧ್ಯಾಯವೇ ಇದೆ. ಅಫೀಮಿಗೆ ಬೇರೊಂದು ಗಿಡದ ರಸ ಬೆರೆಸಿದ್ದರೆ ನೀರಿನಲ್ಲಿ ಕರಗಿಸಿದಾಗ ಕೇಸರಿಯ ವಾಸನೆ ಬರುತ್ತದೆ, ಕಾಡು ಲೆಟ್ಯೂಸಿನ ರಸ ಬೆರೆತಿದ್ದರೆ ವಾಸನೆ ಮಂದವಾಗಿ ಮುಟ್ಟಿದಾಗ ಒರಟಾಗಿರುತ್ತದೆ, ಹೀಗೆ ಒಂದೊಂದಕ್ಕೂ ಗುರುತುಗಳನ್ನು ಅವನು ಕೊಡುತ್ತಾನೆ. ಔಷಧ ನಿಯಂತ್ರಣದ ಕಾನೂನು ಭಾರತದಲ್ಲಿ 1940ರಲ್ಲಿ ಬಂತು, ಫಾರ್ಮಸಿ ಕಾಯ್ದೆ 1948ರಲ್ಲಿ. ಅವುಗಳ ಹಿಂದಿರುವ ಚಿಂತೆಯು ಅದಕ್ಕಿಂತ ಬಹಳ ಹಿರಿದು.

ಈ ವಿದ್ಯೆಯು ದಖನಿಗೆ ಬಂದಾಗ ಹೆಸರಿನ ಸಮಸ್ಯೆಯು ಇನ್ನಷ್ಟು ತೀವ್ರವಾಯಿತು. ಖುರಾಸಾನಿನಿಂದ ಬಂದ ಹಕೀಮನು ತನ್ನ ಗ್ರಂಥದಲ್ಲಿ ಓದಿದ ಗಿಡವನ್ನು ಕೃಷ್ಣಾ, ಘಟಪ್ರಭೆಯ ದಂಡೆಯಲ್ಲಿ ಹುಡುಕಿದರೆ ಎಲ್ಲಿ ಸಿಕ್ಕೀತು? ಸಿಕ್ಕರೂ ಇಲ್ಲಿಯ ಅಂಗಡಿಯವನು ಅದನ್ನು ಕರೆಯುವ ಹೆಸರೇ ಬೇರೆ. 1512ರಲ್ಲಿ ದಿಲ್ಲಿಯ ಸಿಕಂದರ್ ಲೋದಿಯ ಆಸ್ಥಾನದಲ್ಲಿ ಭುವಾ ಖಾನ್ ಸಿದ್ಧಪಡಿಸಿದ ಫಾರಸಿ ವೈದ್ಯಗ್ರಂಥವು ಈ ತೊಡಕನ್ನು ಬಾಯ್ಬಿಟ್ಟು ಹೇಳಿದೆ. ಯೂನಾನಿ ಗ್ರಂಥಗಳ ಔಷಧದ ಹೆಸರುಗಳು ಈ ನಾಡಿನವರಿಗೆ ತಿಳಿಯವು, ಆ ಚಿಕಿತ್ಸೆಯು ಇಲ್ಲಿಯವರ ದೇಹಪ್ರಕೃತಿಗೆ ಹೊಂದುವುದಿಲ್ಲ, ಆದ್ದರಿಂದ ಭಾರತೀಯ ವೈದ್ಯಗ್ರಂಥಗಳತ್ತ ತಿರುಗಬೇಕಾಯಿತು ಎಂಬುದು ಅದರ ತಾತ್ಪರ್ಯ.

ದಖನಿನಲ್ಲಿ ಈ ತಿರುವು ಇನ್ನೂ ಮೊದಲೇ ಆಚರಣೆಗೆ ಬಂದಿತ್ತು. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಬೀದರಿನಲ್ಲಿ ಒಂದು ದಾರುಶ್ಶಿಫಾ ಕಟ್ಟಿಸಿ, ರೋಗಿಗಳ ಔಷಧ ಮತ್ತು ಆಹಾರದ ವೆಚ್ಚಕ್ಕೆ ಹಳ್ಳಿಗಳನ್ನು ಉಂಬಳಿ ಬಿಟ್ಟು, ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದನೆಂದು ತಿಳಿದುಬರುತ್ತದೆ. ಇದನ್ನು ನಮಗೆ ತಿಳಿಸುವವನು ಮುಹಮ್ಮದ್ ಖಾಸಿಮ್ ಫಿರಿಶ್ತಾ. ನಮ್ಮ ಕಥೆಗೆ ಅವನೇ ಮುಖ್ಯ ವ್ಯಕ್ತಿ.

ಫಿರಿಶ್ತಾನನ್ನು ಇತಿಹಾಸಕಾರನೆಂದು ಎಲ್ಲರೂ ಬಲ್ಲರು. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಹ್ಮದನಗರಕ್ಕೆ ಬಂದು, 1589ರಲ್ಲಿ ಬಿಜಾಪುರ ಸೇರಿ, ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲಿ ಭಾರತದ ಮುಸ್ಲಿಮ್ ಅರಸರ ಬೃಹತ್ ಇತಿಹಾಸವನ್ನು ಬರೆದವನು ಅವನು. ಗೋಕಾಕ, ಹುಕ್ಕೇರಿಗಳು ಆಗ ಆದಿಲ್ ಶಾಹಿ ಆಳ್ವಿಕೆಗೆ ಸೇರಿದ್ದವು. ಹುಕ್ಕೇರಿಯ ಗುಮ್ಮಟಗಳು ಆ ಕಾಲದ ಗುರುತಾಗಿ ಇಂದಿಗೂ ನಿಂತಿವೆ. ಆದರೆ ಅದೇ ಫಿರಿಶ್ತಾ 'ದಸ್ತೂರುಲ್ ಅತಿಬ್ಬಾ' ಎಂಬ ವೈದ್ಯಗ್ರಂಥವನ್ನೂ ಬರೆದಿದ್ದಾನೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಇದಕ್ಕೆ 'ಇಖ್ತಿಯಾರಾತೆ ಖಾಸಿಮೀ' ಎಂಬ ಹೆಸರೂ ಉಂಟು. ಇರಾಕ್, ಖುರಾಸಾನ್ ಕಡೆಯ ವೈದ್ಯಗ್ರಂಥಗಳನ್ನು ಓದಿದ ಮೇಲೆ ಭಾರತೀಯ ವೈದ್ಯರ ಗ್ರಂಥಗಳನ್ನೂ ಓದಿ, ಅವುಗಳ ತತ್ತ್ವ ಗಟ್ಟಿಯಾದುದೆಂದು ಕಂಡುಕೊಂಡು, ಅದು ಮುಸ್ಲಿಮರಿಗೂ ತಿಳಿಯಲೆಂದು ಬರೆದನು. ಮೊದಲಿಗೆ ದೇಹದ ಧಾತು, ದೋಷಗಳ ವಿವರಣೆ. ಆಮೇಲೆ ಒಂಟಿ ಔಷಧಗಳು, ಬೆರಕೆ ಔಷಧಗಳು, ರೋಗಗಳ ಚಿಕಿತ್ಸೆ. ಕೊನೆಯಲ್ಲಿ ರುಚಿಗಳ ಮತ್ತು ನಾಡಿನ ಹವೆಯ ವಿಚಾರ. ಔಷಧ ಗ್ರಂಥವೊಂದು ನಾಡಿನ ಹವೆಯ ಮಾತಿನೊಂದಿಗೆ ಮುಗಿಯುವುದು ಅಕಾರಣವಲ್ಲ. ಪರದೇಶದಲ್ಲಿ ಹುಟ್ಟಿದ ಮನುಷ್ಯನೊಬ್ಬ ತಾನು ನೆಲೆಸಿದ ಮಣ್ಣಿನ ಮದ್ದನ್ನು ಅಲ್ಲಿಯವರಿಂದಲೇ ಕಲಿಯಲು ಕುಳಿತನೆಂಬುದು ಆ ಕ್ರಮದಲ್ಲಿಯೇ ಕಾಣುತ್ತದೆ.

ಕಲಿಯುವುದಕ್ಕೆ ಈ ಮಣ್ಣಿನಲ್ಲಿ ಬೇಕಾದಷ್ಟಿತ್ತು. ವಿಷ ಮತ್ತು ಅದರ ಪರಿಹಾರಗಳ ಬಗ್ಗೆ ಜೈನ ಕವಿ ಮಂಗರಾಜನು 14ನೆಯ ಶತಮಾನದಲ್ಲೇ ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ'ವನ್ನು ಬರೆದಿದ್ದನು. ಇನ್ನು ಗೋವೆಯಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ ಭಾರತದ ಔಷಧಗಳ ಬಗೆಗಿನ ತನ್ನ ಸಂವಾದ ಗ್ರಂಥವನ್ನು 1563ರಲ್ಲಿ ಅಚ್ಚು ಹಾಕಿಸಿದನು. ಅಹ್ಮದನಗರದ ನಿಝಾಮ್ ಶಾಹನ ಆಸ್ಥಾನದ ಹಕೀಮರೊಡನೆ ನಡೆದ ಮಾತುಕತೆಗಳನ್ನು ಅವನೂ ನೆನೆಯುತ್ತಾನೆ. ಹೆಸರುಗಳು ಎರಡೂ ಕಡೆಗೆ ಹರಿದವು. ಅಳಲೆ, ತಾರೆ, ನೆಲ್ಲಿ ಈ ಮೂರು ಕಾಯಿಗಳ 'ತ್ರಿಫಲ' ಅರಬಿಯಲ್ಲಿ 'ಇತ್ರೀಫಲ್' ಆಗಿ ಯೂನಾನಿ ಗ್ರಂಥಗಳಲ್ಲಿ ನೆಲೆಸಿತು. ಫಾರಸಿಯಲ್ಲಿ 'ಕುದುರೆಯ ಕಿವಿ' ಎಂಬರ್ಥದ 'ಅಸ್ಪ್‌ಗೋಲ್' ನಮ್ಮ ಕಿರಾಣಿ ಅಂಗಡಿಗಳಲ್ಲಿ 'ಇಸಬಗೋಲು' ಆಯಿತು. ಆ ಬೀಜದ ಆಕಾರ ನೋಡಿದವರಿಗೆ ಹೆಸರಿನ ಕಾರಣ ತಾನೇ ತಿಳಿಯುತ್ತದೆ. ತೂಕಗಳೂ ಹೀಗೆಯೇ ಬೆರೆತವು. ದಿರ್ಹಮ್, ಮಿಸ್ಖಾಲ್‌ಗಳ ಲೆಕ್ಕ ಓದಿದ ಹಕೀಮನು ಇಲ್ಲಿ ತೊಲೆ, ಮಾಸೆ, ಗುಲಗಂಜಿಗಳಲ್ಲಿ ತೂಗಬೇಕಾಯಿತು. ಎಂಟು ಗುಲಗಂಜಿಗೆ ಒಂದು ಮಾಸೆ, ಹನ್ನೆರಡು ಮಾಸೆಗೆ ಒಂದು ತೊಲೆ. ಔಷಧವನ್ನು ತೂಗುವ ಆ ಚೆಂದದ ಕೆಂಪು ಬೀಜವೇ ಜಗಿದು ನುಂಗಿದರೆ ಪ್ರಾಣ ತೆಗೆಯುವ ವಿಷ ಎಂಬುದನ್ನು ಇಲ್ಲಿ ಹೇಳದಿರಲಾಗದು.

1686ರಲ್ಲಿ ಬಿಜಾಪುರವು ಮೊಗಲರ ವಶವಾಯಿತು. ಆಸ್ಥಾನದ ಆಶ್ರಯ ಕಳೆದುಕೊಂಡ ವಿದ್ಯೆಯು ಮನೆತನಗಳಲ್ಲಿ, ಅಂಗಡಿಗಳಲ್ಲಿ ಉಳಿಯಿತು. ಅದರೊಂದಿಗೆ ಬರೆದಿಡುವ, ಹೋಲಿಸುವ ರೂಢಿಯೂ ಸವೆಯಿತು. ಪರೀಕ್ಷೆಯ ಮೇಲೆ ಕಟ್ಟಿದ ವಿದ್ಯೆಯು ಮೆಲ್ಲಮೆಲ್ಲನೆ ಗುಟ್ಟಿನ ವಿದ್ಯೆಯಾಯಿತು, ತಂದೆಯು ಮಗನಿಗೆ ಮಾತ್ರ ಹೇಳುವ ಪುಡಿಯ ಹೆಸರಾಯಿತು. ಈ ಕುಸಿತಕ್ಕೆ ಬ್ರಿಟಿಷರನ್ನು ಮಾತ್ರ ದೂರಿದರೆ ಸಾಲದೆಂದು ನಮಗೆ ಅನಿಸುತ್ತದೆ.

ಅದನ್ನು ಮತ್ತೆ ಪರೀಕ್ಷೆಯ ಬೆಳಕಿಗೆ ತರಲು ಯತ್ನಿಸಿದವರಲ್ಲಿ ಹಕೀಮ್ ಅಜ್ಮಲ್ ಖಾನರು ಮುಂಚೂಣಿಯಲ್ಲಿದ್ದರು. ಅವರು ದಿಲ್ಲಿಯಲ್ಲಿ ಕಟ್ಟಿದ ಆಯುರ್ವೇದ ಮತ್ತು ಯೂನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಅಲ್ಲಿಯ ಸಂಶೋಧನಾ ವಿಭಾಗಕ್ಕೆ ಜರ್ಮನಿಯಲ್ಲಿ ಕಲಿತು ಬಂದ ರಸಾಯನಶಾಸ್ತ್ರಜ್ಞ ಸಲೀಮುಝ್ಝಮಾನ್ ಸಿದ್ದೀಖಿಯನ್ನು ತರಲಾಯಿತು. ಸಿದ್ದೀಖಿ ಕೈಗೆತ್ತಿಕೊಂಡದ್ದು ಸರ್ಪಗಂಧದ ಬೇರನ್ನು. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲೂ ಬೆಳೆಯುವ ಈ ಗಿಡದ ಬೇರು ಉತ್ತರ ಭಾರತದ ಕೆಲವೆಡೆ 'ಪಾಗಲ್ ಕೀ ದವಾ', ಅಂದರೆ ಹುಚ್ಚಿನ ಮದ್ದು ಎಂದೇ ಹೆಸರಾಗಿತ್ತು. 1931ರಲ್ಲಿ ಅದರಿಂದ ಬೇರ್ಪಡಿಸಿದ ಸತ್ವಗಳಲ್ಲಿ ಒಂದಕ್ಕೆ ಸಿದ್ದೀಖಿ 'ಅಜ್ಮಲೀನ್' ಎಂದು ಹೆಸರಿಟ್ಟರು. ಆ ಹೊತ್ತಿಗೆ ಅಜ್ಮಲ್ ಖಾನರು ತೀರಿಕೊಂಡು ನಾಲ್ಕು ವರ್ಷಗಳಾಗುತ್ತಾ ಬಂದಿತ್ತು.

ಅದೇ 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಆ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದೂ ಉನ್ಮಾದವನ್ನು ಶಮನ ಮಾಡುತ್ತದೆಂದೂ ವರದಿ ಮಾಡಿದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ತಮ್ಮ 50 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ 'ರಿಸರ್ಪೀನ್' ಎಂಬ ಸತ್ವವನ್ನು ತೆಗೆದರು. ರಕ್ತದೊತ್ತಡಕ್ಕೂ ಮಾನಸಿಕ ರೋಗಕ್ಕೂ ಅದು ಆ ದಶಕದ ದೊಡ್ಡ ಔಷಧವಾಯಿತು. ಆದರೆ ಬಳಸುತ್ತಾ ಹೋದಂತೆ, ವಿಶೇಷವಾಗಿ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರಲ್ಲಿ ತೀವ್ರ ಖಿನ್ನತೆ ಕಾಣಿಸಿಕೊಂಡ ವರದಿಗಳು ಬಂದವು. ಪ್ರಮಾಣವನ್ನು ಇಳಿಸಲಾಯಿತು. ಮುಂದೆ ಉತ್ತಮ ಔಷಧಗಳು ಬಂದ ಮೇಲೆ ಅದು ಹಿಂದೆ ಸರಿಯಿತು. 'ಗಿಡಮೂಲಿಕೆಯಿಂದ ತೊಂದರೆಯಿಲ್ಲ' ಎನ್ನುವವರು ರಿಸರ್ಪೀನಿನ ಕಥೆಯನ್ನೊಮ್ಮೆ ಓದಬೇಕು.

ಅಜ್ಮಲೀನ್ ಇಂದಿಗೂ ಉಳಿದಿದೆ, ಆದರೆ ಅಜ್ಮಲ್ ಖಾನರು ಊಹಿಸಿರಲಾರದ ಕೆಲಸಕ್ಕೆ. 1992ರಲ್ಲಿ ಬ್ರುಗಾಡಾ ಸಹೋದರರು ವಿವರಿಸಿದ ಒಂದು ಹೃದಯ ರೋಗವಿದೆ. ಆರೋಗ್ಯವಂತನಂತೆ ಕಾಣುವವನ ಹೃದಯದ ಲಯ ಕೆಲವೊಮ್ಮೆ ನಿದ್ದೆಯಲ್ಲೇ ಕೆಟ್ಟು ಹಠಾತ್ ಸಾವು ಬರುತ್ತದೆ. ಇಸಿಜಿಯಲ್ಲಿ ರೋಗ ಅಡಗಿದ್ದರೆ ರಕ್ತನಾಳಕ್ಕೆ ನಿಧಾನವಾಗಿ ಅಜ್ಮಲೀನ್ ಕೊಟ್ಟು, ಲಕ್ಷಣ ಹೊರಬೀಳುತ್ತದೆಯೇ ಎಂದು ನೋಡುತ್ತಾರೆ. ಸಾಮಾನ್ಯ ಪ್ರಮಾಣ ದೇಹತೂಕದ ಕಿಲೋಗೆ 1 ಮಿಲಿಗ್ರಾಂ, ಅದೂ ಹೃದಯ ನಿಂತರೆ ಮತ್ತೆ ನಡೆಸುವ ಸಾಧನಗಳು ಪಕ್ಕದಲ್ಲೇ ಸಿದ್ಧವಿರುವಾಗ ಮಾತ್ರ. ಹುಚ್ಚಿನ ಮದ್ದೆಂದು ಹೆಸರಾಗಿದ್ದ ಬೇರಿನ ಒಂದು ಸತ್ವವು ಹೀಗೆ ಬೇರೊಂದು ರೋಗವನ್ನು ಬಯಲಿಗೆಳೆಯುವ ಸಾಧನವಾಯಿತು.

ಔಷಧವು ದೇಹಕ್ಕೆ ಏನು ಮಾಡುತ್ತದೆ ಎಂಬುದು ಫಾರ್ಮಕಾಲಜಿಯ ಒಂದು ಅರ್ಧ, ದೇಹವು ಔಷಧಕ್ಕೆ ಏನು ಮಾಡುತ್ತದೆ ಎಂಬುದು ಇನ್ನೊಂದು. ನುಂಗಿದ ಗುಳಿಗೆಯು ಕರುಳಿನಿಂದ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ರೂಪ ಬದಲಿಸಿ, ಮೂತ್ರಪಿಂಡದ ಮೂಲಕ ಹೊರಬೀಳುವವರೆಗಿನ ಕಾಲ ಒಂದೊಂದಕ್ಕೆ ಒಂದೊಂದು ತೆರ. ಥೈರಾಯ್ಡ್ ಗುಳಿಗೆಯ ಅರ್ಧಾಂಶವು ರಕ್ತದಿಂದ ಕಡಿಮೆಯಾಗಲು ಸುಮಾರು ಒಂದು ವಾರ ಬೇಕು. ಪ್ಯಾರಾಸಿಟಮಾಲ್‌ಗೆ ಎರಡು ಮೂರು ಗಂಟೆ ಸಾಕು. ಮೂತ್ರಪಿಂಡ ದುರ್ಬಲವಾದ ಮುದುಕನಿಗೂ ಯುವಕನಿಗೂ ಕೆಲವು ಔಷಧಗಳ ಪ್ರಮಾಣ ಒಂದೇ ಆಗಲಾರದು. ಇಬ್ನುಲ್ ಖಯ್ಯಿಮ್(ರ) ಎಣಿಸಿದ ವಯಸ್ಸು, ಶಕ್ತಿ, ರೂಢಿಗಳನ್ನು ವಾರ್ಡಿನ ವೈದ್ಯರು ಇಂದು ರಕ್ತ ಪರೀಕ್ಷೆಯ ಅಂಕಿಗಳಲ್ಲಿ ಓದುತ್ತಾರೆ.

ಈ ವಿದ್ಯೆಯು ನಮ್ಮ ಸಮುದಾಯವನ್ನು ನೇರವಾಗಿ ಮುಟ್ಟುವ ಜಾಗವೊಂದಿದೆ, ಅದು ರಮಝಾನ್. ಮಧುಮೇಹವುಳ್ಳವರು ಉಪವಾಸ ಹಿಡಿದಾಗ ಔಷಧದ ಹೊತ್ತು ಮತ್ತು ಪ್ರಮಾಣ ಬದಲಾಗಲೇಬೇಕು. ಭಾರತವೂ ಸೇರಿ 13 ದೇಶಗಳ 12,243 ಮಧುಮೇಹಿಗಳನ್ನು ಗಮನಿಸಿದ 'ಎಪಿಡಯಾರ್' ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ರಮಝಾನಿನಲ್ಲಿ ಸಕ್ಕರೆಯ ಅಂಶ ಅಪಾಯಕಾರಿಯಾಗಿ ಕುಸಿದು ತೀವ್ರ ಸ್ಥಿತಿಗೆ ಹೋಗುವ ಪ್ರಸಂಗಗಳು ಟೈಪ್ 1 ಮಧುಮೇಹಿಗಳಲ್ಲಿ 4.7 ಪಟ್ಟು, ಟೈಪ್ 2 ಮಧುಮೇಹಿಗಳಲ್ಲಿ 7.5 ಪಟ್ಟು ಹೆಚ್ಚಿದ್ದವೆಂದು ಅದು ತೋರಿಸಿತು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಅಪಾಯ ಕಡಿಮೆ. ಗ್ಲಿಬೆನ್‌ಕ್ಲಮೈಡ್‌ನಂತಹ ಗುಳಿಗೆಗಳು ಹೊಟ್ಟೆ ಖಾಲಿಯಿದ್ದರೂ ಇನ್ಸುಲಿನ್ ಸುರಿಯುವಂತೆ ಮಾಡುವುದರಿಂದ ಅಪಾಯ ಹೆಚ್ಚು. ಬೆಳಗಿನ ಗುಳಿಗೆಯನ್ನು ಇಫ್ತಾರಿಗೆ ಸರಿಸುವುದು, ಸಹರಿಯ ಪ್ರಮಾಣವನ್ನು ತಗ್ಗಿಸುವುದು, ಕೆಲವರಿಗೆ ಔಷಧವನ್ನೇ ಬದಲಿಸುವುದು, ಇನ್ನು ಕೆಲವರಿಗೆ ಉಪವಾಸವೇ ಬೇಡವೆನ್ನುವುದು, ಇವೆಲ್ಲವೂ ವೈದ್ಯರ ತೀರ್ಮಾನಗಳು. ರೋಗಿಗೆ ಕುರ್‌ಆನ್ ಸ್ಪಷ್ಟವಾಗಿ ರಿಯಾಯಿತಿ ಕೊಟ್ಟಿದೆ. ಆದರೆ ವೈದ್ಯರಿಗೆ ತಿಳಿಸದೆ ಎರಡು ಹೊತ್ತಿನ ಗುಳಿಗೆಗಳನ್ನು ಇಫ್ತಾರಿನಲ್ಲಿ ಒಟ್ಟಿಗೆ ನುಂಗುವವರು ನಮ್ಮ ನಡುವೆ ಇದ್ದಾರೆ. ಇಡೀ ತಿಂಗಳು ಗುಳಿಗೆಯನ್ನೇ ಬಿಟ್ಟುಬಿಡುವವರೂ ಇದ್ದಾರೆ. ಧುಪದಾಳದಂತಹ ಊರಿನಲ್ಲಿ ರಮಝಾನ್ ಬಿಸಿಲುಗಾಲಕ್ಕೆ ಬಿದ್ದರೆ ಬಾಯಾರಿಕೆಯ ಜೊತೆಗೆ ಮೂತ್ರಪಿಂಡದ ಮೇಲಿನ ಹೊರೆಯೂ ಸೇರುತ್ತದೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವವರಿಗೆ ಅದು ಇನ್ನೂ ಕಠಿಣ.

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಇತರರೊಂದಿಗೆ ಸೇರಿ ಹೊರತಂದಿರುವ ರಮಝಾನ್ ಮಾರ್ಗದರ್ಶಿಯು ಉಪವಾಸಕ್ಕೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕೆನ್ನುತ್ತದೆ. ಅಂದರೆ ರಜಬ್ ತಿಂಗಳ ನಡುಭಾಗದೊಳಗೆ. ಆಗ ಒಯ್ಯಬೇಕಾದುದು ಹಳೆಯ ಚೀಟಿಗಳನ್ನು ಮಾತ್ರವಲ್ಲ, ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನು, ಹಕೀಮರ ಪುಡಿಯಿದ್ದರೆ ಅದನ್ನೂ. ಒಂದೇ ಔಷಧವು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಎರಡು ಸಲ ಹೊಟ್ಟೆ ಸೇರುತ್ತಿದ್ದರೆ ಅದು ಹೊರಬೀಳುವುದು ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ಹೆಸರು ಓದಿದಾಗಲೇ.